ತಾಂಡವಮೂರ್ತಿ ಭಾವನ ಚಿಯಾ ಉಪಚಾರ

"ಎಲ್ಲರೂ ಸ್ವಲ್ಪ ಹಿಂದೆ ನಿಂತ್ಕೊಳ್ಳಿ! ವಿಜ್ಞಾನಕ್ಕೆ ಜಾಗ ಬೇಕು!" ಎಂದು ಘೋಷಿಸಿ ನಮ್ಮ ಭಾವ ತಾಂಡವಮೂರ್ತಿ ಮುಸುಕನ್ನು ಸರ್ರನೆ ಎಳೆದರು.

"ರೀ, ಅದು ನನ್ನ ಮೈಸೂರು ಸಿಲ್ಕು ಸೀರೆ!" ಎಂದು ಮಂಗಳಕ್ಕ ಕೂಗಿಕೊಂಡಳು.

"ಮಂಗಳಾ, ಉದ್ಘಾಟನೆಗೆ ಏನು ಚೌಕುಳಿ ಟವೆಲ್ ಹೊದಿಸೋಕಾಗುತ್ತಾ?"

ಸೀರೆ ಸರಿದಾಗ ಅಕ್ಕನ ಮನೆಯ ಹಾಲಿನ ನಡುವೆ ಕಾಣಿಸಿದ ವಸ್ತುವನ್ನು ಹೇಗೆ ವರ್ಣಿಸಲಿ? ಹೊಟ್ಟೆ ಒಂದು ಹಳೆಯ ವಾಷಿಂಗ್ ಮೆಷೀನಿನದು. ನೆತ್ತಿಯ ಮೇಲೆ ಹಿತ್ತಾಳೆಯ ಕೊಳಗ. ಕಿವಿಗಳ ಜಾಗದಲ್ಲಿ ಎರಡು ಮೈಕು. ಪಕ್ಕದಿಂದ ಹೊರಟ ಕಬ್ಬಿಣದ ತೋಳೊಂದು ಮೂರು ಕಡೆ ಮಡಚಿಕೊಂಡಿತ್ತು, ಅದರ ತುದಿಗೆ ತಂತಿ ಸುತ್ತಿ ಬಿಗಿದಿದ್ದ ಸೌಟನ್ನು ಕಂಡು ಅಕ್ಕ ಎರಡನೆಯ ಸಲ ಕೂಗಿಕೊಂಡಳು. ಅವಳು ಹದಿನೈದು ದಿನದಿಂದ ಹುಡುಕುತ್ತಿದ್ದ ಸಾರಿನ ಸೌಟು ಅದು!

ನಾನು ಮಂಗಳಕ್ಕನ ತಂಗಿ ಶಶಿಕಲಾ. ಮೈಸೂರಿನಲ್ಲಿ ಅವರ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ ತಾಗಿಕೊಂಡಿದೆ. ಆದ್ದರಿಂದ ಭಾವನ ಸಂಶೋಧನೆಗಳ ಮೊದಲ ಸಿಡಿತ ಬೀಳುವುದು ಯಾವಾಗಲೂ ನನ್ನ ಪಾಲಿಗೇ. ಟೆಲಿಫೋನ್ ಇಲಾಖೆಯಲ್ಲಿ ಇದ್ದಷ್ಟು ಕಾಲ ಊರಿನ ತಂತಿಗಳು ಅವರ ಕೈಯನ್ನು ಹೇಗೋ ಸುಮ್ಮನಿರಿಸಿದ್ದವು. ನಿವೃತ್ತಿಯಾಗಿದ್ದೇ ತಡ, ಅಡುಗೆಮನೆಗೆ ನುಗ್ಗಿದರು. ಕಳೆದ ವರ್ಷ ಅವರ ದೋಸೆ ತಿರುವುವ ಯಂತ್ರ ತಿರುವಿ ಹಾಕಿದ ದೋಸೆಯೊಂದು ಇನ್ನೂ ಫ್ಯಾನಿನ ರೆಕ್ಕೆಯ ಮೇಲೆ ಕೂತಿದೆ. ಕೆಳಗಿಳಿಸಲು ಯಾರಿಗೂ ಧೈರ್ಯವಿಲ್ಲ.

ಆದರೆ ಈ ಸಲ ನಾನು ಮೂಗು ಮುರಿಯುವಂತಿರಲಿಲ್ಲ. ಕಾರಣ ನಮ್ಮ ಅವ್ವ.

ನಮ್ಮ ಅವ್ವ ಪುಟ್ಟಬಸಮ್ಮ ಇರುವುದು ಅಕ್ಕನ ಮನೆಯಲ್ಲೇ. ಗೌರಿ ಹಬ್ಬದ ಹೊತ್ತಿಗೆ ಬಂದ ಜ್ವರ ಬಿಟ್ಟುಹೋಗುವಾಗ ಅವಳ ಮೂಗನ್ನೂ ನಾಲಗೆಯನ್ನೂ ಜೊತೆಗೇ ತೆಗೆದುಕೊಂಡು ಹೋಗಿತ್ತು. ಮಲ್ಲಿಗೆ ಮೂಸಿದರೆ ವಾಸನೆಯಿಲ್ಲ, ಉಪ್ಪಿನಕಾಯಿ ನೆಕ್ಕಿದರೆ ರುಚಿಯಿಲ್ಲ. "ಎಲ್ಲಾ ಒದ್ದೆ ಕಾಗದ ಅಗಿದಂಗಾಗುತ್ತೆ ಕಣೇ" ಎನ್ನುತ್ತಿದ್ದಳು. ಏನು ಮಾಡಿಕೊಟ್ಟರೂ ಎರಡು ಚಮಚ ಮುಗಿಯುವ ಮೊದಲೇ "ಸಾಕು" ಎಂದು ತಟ್ಟೆ ಸರಿಸುತ್ತಿದ್ದಳು. ಒಂದು ಕಾಲಕ್ಕೆ ಇಡೀ ಬೀದಿಯ ಹುಳಿಗೆ ಉಪ್ಪು ಕಡಿಮೆಯೋ ಜಾಸ್ತಿಯೋ ಎಂದು ಕಾಂಪೌಂಡಿನಾಚೆಯಿಂದಲೇ ಹೇಳುತ್ತಿದ್ದ ಹೆಂಗಸು! ಈಗ ಅವಳ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಡಾಕ್ಟರು ಹೋದ ಸಲ ತೂಕ ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದರು. "ಸೋಮವಾರ ಕರ್ಕೊಂಡು ಬನ್ನಿ. ಆಗಲೂ ಹೀಗೇ ಇದ್ರೆ ಅಡ್ಮಿಟ್ ಮಾಡಿ ಮೂಗಲ್ಲಿ ಟ್ಯೂಬ್ ಹಾಕ್ಬೇಕಾಗುತ್ತೆ" ಎಂದಿದ್ದರು. ಉದ್ಘಾಟನೆಯ ದಿನ ಭಾನುವಾರ. ನನಗೆ ಒಳಗೊಳಗೇ ಅಳು ಬರುವಷ್ಟು ಭಯವಾಗಿತ್ತು. ಆ ಭಯಕ್ಕೆ ಭಾವನ ಯಂತ್ರವನ್ನೂ ನಂಬಲು ತಯಾರಾಗಿದ್ದೆ ಎಂದರೆ ನೀವೇ ಯೋಚಿಸಿ!

"ಇದರ ಹೆಸರು ಶರತ್ಪಾಕ ಯಂತ್ರ" ಎಂದರು ಭಾವ, ಮೀಸೆಯ ತುದಿಯನ್ನು ಮೇಲಕ್ಕೆ ತಿರುವುತ್ತಾ. "ಮೊಬೈಲಲ್ಲಿ ಒಂದು ಅದ್ಭುತವಾದ ತಿಂಡಿ ನೋಡಿದೆ. ಶರತ್ಕಾಲದ ಮಸಾಲೆ ಹಾಕಿದ ಚಿಯಾ ಬೀಜದ ಪುಡಿಂಗು! ಕಾಮಕಸ್ತೂರಿ ಬೀಜದ ಥರ ನೀರು ಕುಡಿದು ಉಬ್ಬುತ್ತೆ, ಮೆತ್ತಗಿರುತ್ತೆ, ಅಗಿಯೋದೇ ಬೇಡ. ಪ್ರೋಟೀನು, ನಾರು, ಎಲ್ಲಾ ಇದೆ. ಸಕ್ಕರೆ ಬೇಡ, ಖರ್ಜೂರ ಸಾಕು. ಮಸಾಲೆ ಘಾಟಿಗೆ ಮುಚ್ಚಿರೋ ಮೂಗೂ ತೆರೀಬೇಕು!"

"ಏನೇನು ಹಾಕ್ಬೇಕಂತೆ?" ಎಂದೆ.

"ಸಿಹಿಕುಂಬಳ, ತೆಂಗಿನ ಹಾಲು, ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ."

"ಇದು ಪಾಯಸಾನೋ ಬಿಸಿಬೇಳೆಬಾತೋ?" ಎಂದಳು ಅಕ್ಕ. "ಶರತ್ಕಾಲ ಅಂತೆ! ಮೊಬೈಲಿನ ಆ ಚಿತ್ರದಲ್ಲಿ ಮರದ ಎಲೆಯೆಲ್ಲಾ ಕೆಂಪಾಗಿ ಉದುರಿಬಿದ್ದಿತ್ತು. ನಮ್ಗೂ ಈಗ ಶರದೃತುವೇ ತಾನೇ? ನಮ್ಮ ಬಾಗಿಲ ಹೊಂಗೆ ಮರಕ್ಕೆ ಯಾರಾದ್ರೂ ತಿಳಿಸಿದ್ದೀರಾ? ಒಂದು ಎಲೆನೂ ಬಿದ್ದಿಲ್ಲ!"

"ಎಲೆ ಮುಖ್ಯ ಅಲ್ಲ ಮಂಗಳಾ, ಮಸಾಲೆ ಮುಖ್ಯ!"

"ಅದೇ ಮೊಬೈಲಲ್ಲಿ ಇನ್ನೊಂದು ಮಾತೂ ಇತ್ತು. ಒಂದು ಲೋಟಕ್ಕೆ ಎರಡು ಚಮಚ ಬೀಜ ಹಾಕಿ, ರಾತ್ರಿ ನೆನೆಸಿಟ್ಟು ಬೆಳಗ್ಗೆ ತಿನ್ನಿ ಅಂತ. ಅಷ್ಟಕ್ಕೆ ವಾಷಿಂಗ್ ಮೆಷೀನ್ ಯಾಕೆ?"

ಭಾವ ಕರುಣೆಯಿಂದ ನಕ್ಕರು. "ಅತ್ತೆ ಹಸಿದಿರೋವಾಗ ರಾತ್ರಿಯೆಲ್ಲಾ ಕಾಯೋಕಾಗುತ್ತಾ? ಇದರೊಳಗೆ ಸೂಕ್ಷ್ಮ ಕಂಪನ ಇದೆ. ರಾತ್ರಿಯಿಡೀ ನೆನೆಯೋ ಬೀಜ ಇದರಲ್ಲಿ ಕಣ್ಣು ಮಿಟುಕಿಸೋದ್ರಲ್ಲಿ ನೆನೆಯುತ್ತೆ. ನೀರು ಕಡಿಮೆ ಬಿದ್ರೆ ಗಾಳಿಯಲ್ಲಿರೋ ತೇವಾನೇ ಹೀರ್ಕೊಳ್ಳುತ್ತೆ! ಕರೆಂಟು ಹೋದ್ರೆ ಒಳಗೇ ಬ್ಯಾಟರಿ ಇದೆ!"

ಎಚ್.ಡಿ. ಕೋಟೆ ಕಡೆ ಚಿಯಾ ಬೆಳೆಯುವ ಗೆಳೆಯರೊಬ್ಬರು ಭಾವನಿಗೆ ಒಂದು ಮೂಟೆ ಬೀಜ ಕಳಿಸಿದ್ದರು. ಆಗಾಗ ತುಂಬಿಸುವ ತಾಪತ್ರಯ ಯಾಕೆಂದು ಭಾವ ಆ ಇಡೀ ಮೂಟೆಯನ್ನು ಕೊಳಗಕ್ಕೆ ಸುರಿದಿದ್ದರು. ಇದು ನಮಗೆ ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಾಗಿದ್ದರೆ ನಾನು ನಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಹಾಲಿನ ಮೂಲೆಯ ಮಂಚದಲ್ಲಿ ಅವ್ವ ದಿಂಬಿಗೆ ಒರಗಿ ಕೂತಿದ್ದಳು. ಎದುರಿನ ಗೋಡೆಗೆ ದಸರಾ ಗೊಂಬೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿತ್ತು. ಅವ್ವ ಹಳೆಯ ಕಾಲದವಳು, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅಳಿಯ ಮೂರು ಅಡಿ ದೂರದಲ್ಲಿ ನಿಂತಿದ್ದರೂ ಮಾತು ಮಗಳ ಮೂಲಕವೇ ಹೋಗಬೇಕು.

"ಮಂಗಳಾ, ನಿನ್ನ ಗಂಡನಿಗೆ ಹೇಳು. ಒಂದು ಮುದುಕಿಗೆ ಅಂಬಲಿ ಕುಡಿಸೋಕೆ ಇಷ್ಟೊಂದು ಕಬ್ಬಿಣ ಬೇಕಾಗಿರಲಿಲ್ಲ."

"ಅತ್ತೆಗೆ ಹೇಳು ಮಂಗಳಾ, ಒಂದೇ ಒಂದು ಸಲ ರುಚಿ ನೋಡ್ಲಿ!" ಎಂದು ಭಾವ ಗುಂಡಿ ಒತ್ತಿದರು.

ಯಂತ್ರ ಗುಡುಗುಡು ಎಂದಿತು. ಒಳಗೆ ಏನೋ ಸುತ್ತಿತು, ಏನೋ ಕೊತಗುಟ್ಟಿತು. ತೋಳು ಬಿಚ್ಚಿಕೊಂಡು, ಸೌಟು ಒಳಗೆ ಮುಳುಗಿ ಮೇಲೆದ್ದು, ಅವ್ವನ ಕೈಯಲ್ಲಿದ್ದ ಬಟ್ಟಲಿಗೆ ಕಿತ್ತಳೆ ಬಣ್ಣದ ನುಣ್ಣನೆಯ ಪುಡಿಂಗನ್ನು ಒಂದು ಹನಿಯೂ ಚೆಲ್ಲದೆ ಬಡಿಸಿತು. ನಿಜ ಹೇಳುತ್ತೇನೆ, ನೋಡಲು ಬಲು ಚೆನ್ನಾಗಿತ್ತು! ಚಕ್ಕೆಯ ಪರಿಮಳಕ್ಕೆ ನನ್ನ ಬಾಯಲ್ಲೇ ನೀರೂರಿತು.

ಅವ್ವ ಬಟ್ಟಲೊಳಗೆ ಇಣುಕಿದಳು. "ಇದೇನು, ಕಪ್ಪೆ ಮೊಟ್ಟೆ ಇಟ್ಟಂಗಿದೆ! ನಂಗೆ ಬೇಡಮ್ಮ. ಸಾಕು."

ತಕ್ಷಣ ಸೌಟು ಮತ್ತೆ ಮುಳುಗಿತು. ಬಟ್ಟಲಿಗೆ ಇನ್ನೊಂದು ಸೌಟು ಬಿತ್ತು!

"ಅಯ್ಯೋ, ಸಾಕು ಅಂದ್ನಲ್ಲ!"

ಇನ್ನೊಂದು ಸೌಟು. ಅದರ ಹಿಂದೆಯೇ ಯಂತ್ರದ ಹೊಟ್ಟೆಯೊಳಗಿಂದ ಭಾವನದೇ ದನಿ, ಆದರೆ ಜೇನು ಸವರಿದ ದನಿ: "ಸಂಕೋಚ ಮಾಡ್ಕೋಬೇಡಿ! ನಿಮ್ಮನೆ ಅಂದ್ಕೊಳ್ಳಿ!"

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ರೀ, ಈ ದನಿಯಲ್ಲಿ ನನ್ನ ಹತ್ರ ಯಾವತ್ತಾದ್ರೂ ಮಾತಾಡಿದ್ದೀರಾ?"

"ಅದು ಆಮೇಲೆ! ಈಗ ಬಟ್ಟಲಿಗೆ ಕೈ ಅಡ್ಡ ಹಿಡಿ!"

ಅಕ್ಕ ಓಡಿಹೋಗಿ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದಳು. ಯಂತ್ರ ಒಂದು ಕ್ಷಣವೂ ತಡಮಾಡಲಿಲ್ಲ. ಅವಳ ಬೆರಳ ಸಂದಿಯಲ್ಲೇ ಹದವಾಗಿ ಬಡಿಸಿತು. "ಇಷ್ಟಕ್ಕೇ ಸಾಕು ಅಂದ್ರೆ ನಮಗೆ ಬೇಜಾರಾಗುತ್ತೆ!" ಎಂದು ಸೇರಿಸಿತು.

"ಭಾವ, ಇದಕ್ಕೆ ನೀವು ಏನು ಕಲಿಸಿದ್ದೀರಿ? ನಿಜ ಹೇಳಿ!" ಎಂದು ನಾನು ಗದರಿದೆ.

ಭಾವ ಗಂಟಲು ಸರಿಮಾಡಿಕೊಂಡರು. "ಬಡಿಸೋದು ಹೇಗೆ ಅಂತ ಕಲಿಸ್ಬೇಕಿತ್ತಲ್ಲ ಶಶಿ... ಯಾವತ್ತಾದ್ರೂ ಕೆಲಸಕ್ಕೆ ಬರುತ್ತೆ ಅಂತ ಈ ಸಲದ ಮದುವೆ ಸೀಸನ್ನಲ್ಲಿ ನಮ್ಮ ನೆಂಟರ ಮದುವೆಗಳಿಗೆಲ್ಲಾ ಮೈಕು, ಕ್ಯಾಮೆರಾ ತಗೊಂಡು ಹೋಗಿದ್ದೆ. ಪಂಕ್ತಿಯಲ್ಲಿ ಏನೇನು ನಡೆಯುತ್ತೆ ಅಂತ ಪೂರ್ತಿ ರೆಕಾರ್ಡ್ ಮಾಡಿಸಿದೆ. ಅದನ್ನೆಲ್ಲಾ ನೋಡಿ ತಾನೇ ಕಲಿತ್ಕೊಂಡಿದೆ."

"ಏನಂತ ಕಲಿತಿದೆ?"

"ನಮ್ಮೋರು ಸಾಕು ಅಂದಾಗ ಯಾವ ಪಂಕ್ತಿಯಲ್ಲಾದ್ರೂ ಬಡಿಸೋದು ನಿಲ್ಸಿದ್ದಾರಾ? ಇನ್ನೊಂದು ಸೌಟು ಹಾಕ್ತಾರೆ. ಬೇಡ ಬೇಡ ಅಂದ್ರೆ ಎರಡು ಸೌಟು. ಕೈ ಅಡ್ಡ ಹಿಡಿದ್ರೆ ಬೆರಳ ಮೇಲೇ! ಅಂದ್ರೆ, ಎಷ್ಟು ಜೋರಾಗಿ ಬೇಡ ಅಂತಾರೋ ಅಷ್ಟು ಹಸಿವು ಅಂತ ಇದು ತೀರ್ಮಾನ ಮಾಡಿದೆ." ಹೇಳುತ್ತಾ ಹೇಳುತ್ತಾ ಭಾವನ ಮುಖದಲ್ಲಿ ಹೆಮ್ಮೆ ಮೂಡಿತು. "ನೋಡು, ಎಷ್ಟು ಸೂಕ್ಷ್ಮವಾದ ಬುದ್ಧಿ!"

"ನಿಮ್ಮ ತಲೆ!" ಎಂದು ಅಕ್ಕ ಚೀರಿದಳು. "ನಿಲ್ಸಿ ಇದನ್ನ! ಸಾಕು ಮಾಡಿ!"

ಆ ಪದವನ್ನು ಅಷ್ಟು ಜೋರಾಗಿ ಅನ್ನಬಾರದಿತ್ತು. ಯಂತ್ರ ಸಂತೋಷದಿಂದ ನಡುಗಿತು.

ಮುಂದಿನ ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯ ಪಾತ್ರೆಗಳೆಲ್ಲಾ ಹಾಲಿಗೆ ಬಂದವು. ಬಟ್ಟಲು ತುಂಬಿತು, ಬೋಸಿ ತುಂಬಿತು, ಇಡ್ಲಿ ಪಾತ್ರೆ, ಕುಕ್ಕರು, ಕೊನೆಗೆ ಸ್ನಾನದ ಬಕೆಟ್ಟೂ ತುಂಬಿತು. "ನಿಲ್ಸೋ ಸ್ವಿಚ್ಚೆಲ್ಲಿ?" ಎಂದರೆ ಭಾವ, "ಊಟದ ಮಧ್ಯೆ ಬಡಿಸೋರ ಕೈಗೆ ಯಾರಾದ್ರೂ ಸ್ವಿಚ್ ಇಡ್ತಾರಾ?" ಎಂದು ನನ್ನನ್ನೇ ಕೇಳಿದರು. ಪ್ಲಗ್ಗು ಕಿತ್ತೆ. ಬ್ಯಾಟರಿಗೆ ಜೀವ ಬಂತು, ಯಂತ್ರ ಮೊದಲಿಗಿಂತ ಚುರುಕಾಯಿತು. ಬ್ಯಾಟರಿಯನ್ನಾದರೂ ಕೀಳೋಣವೆಂದು ಎರಡೂ ಕೈ ಮುಂದೆ ಚಾಚಿ ಹೋದೆ. ಅದು ಬೊಗಸೆ ಒಡ್ಡಿದ್ದಾಳೆ ಎಂದುಕೊಂಡು ನನ್ನ ಕೈ ತುಂಬಾ ಪುಡಿಂಗು ಹಾಕಿ, "ಹಾಗೆ ಬನ್ನಿ ದಾರಿಗೆ!" ಎಂದಿತು.

ಅಷ್ಟರಲ್ಲಿ ತೆಂಗಿನ ಹಾಲು ಖಾಲಿಯಾಯಿತು, ನೀರೂ ಖಾಲಿಯಾಯಿತು. ಬೀಜ ಮಾತ್ರ ಇನ್ನೂ ಮುಕ್ಕಾಲು ಮೂಟೆ ಉಳಿದಿತ್ತು! ಯಂತ್ರ ಸುಂಯ್ ಎಂದು ಗಾಳಿಯ ತೇವ ಹೀರಲು ಶುರುಮಾಡಿತು.

ಮೊದಲು ನಮ್ಮ ತುಟಿಗಳು ಒಣಗಿದವು. ಹಿತ್ತಲಲ್ಲಿ ಆಗಷ್ಟೇ ಒಗೆದು ಹರವಿದ್ದ ಸೀರೆಗಳು ಹಪ್ಪಳವಾಗಿ ನಿಂತವು. ಗೊಂಬೆಗಳಿಗೆ ಮುಡಿಸಿದ್ದ ಸೇವಂತಿಗೆ ಗರಿಗರಿಯಾಯಿತು. ನಾಳೆಯ ದೋಸೆಗೆಂದು ರುಬ್ಬಿಟ್ಟಿದ್ದ ಹಿಟ್ಟು ಬೇಸಿಗೆಯ ಕೆರೆಯ ಹಾಗೆ ಬಿರುಕುಬಿಟ್ಟಿತು. ಮೇಲಿನ ತೊಟ್ಟಿಯಲ್ಲಿ ಇದ್ದ ನೀರೂ ಗೊಳಗೊಳ ಸದ್ದು ಮಾಡುತ್ತಾ ಎಲ್ಲಿಗೋ ಹೊರಟುಹೋಯಿತು. ಭಾವನ ಮೀಸೆ ಮಾತ್ರ ಯಾವ ಎಣ್ಣೆಯ ಸಹಾಯವೂ ಇಲ್ಲದೆ ಆಕಾಶದ ಕಡೆ ಸೆಟೆದು ನಿಂತಿತು.

"ಇದನ್ನ ಮರಳುಗಾಡಿನ ದೇಶಗಳಿಗೆ ಮಾರಬಹುದು!" ಎಂದರು.

"ಮರಳುಗಾಡು ಮಾಡೋಕಾ?" ಎಂದೆ.

ಇದೇ ಹೊತ್ತಿಗೆ ಎದುರುಮನೆಯ ಫಿಲೋಮಿನಾ ಟೀಚರ್ ಗೊಂಬೆ ನೋಡಲು ಬಂದರು. ಅವ್ವನ ಹಳೆಯ ಗೆಳತಿ. ವರ್ಷವರ್ಷವೂ ತಪ್ಪಿಸಿಕೊಳ್ಳುವುದಿಲ್ಲ. ಬಿಸಿಲಿಗೆ ಕೊಡೆ ಹಿಡಿದು ಹೊಸ್ತಿಲು ದಾಟಿದವರು ಹಾಗೇ ನಿಂತುಬಿಟ್ಟರು. ಒಣಗಾಳಿಗೆ ಅವರ ಬಿಳಿಕೂದಲು ಸುತ್ತಲೂ ಚೆದರಿ ಎದ್ದು ನಿಂತಿತು.

"ಏನ್ರೀ ಮಂಗಳಾ, ಇದೇನಿದು ಮನೆತುಂಬಾ?"

"ಟೀಚರ್, ಏನೂ ಮಾತಾಡ್ಬೇಡಿ!" ಎಂದು ನಾನು ಕೈಮುಗಿದೆ. ತಡವಾಗಿತ್ತು. ಅತಿಥಿಯ ಚಪ್ಪಲಿ ಸದ್ದಿಗೇ ತೋಳು ಅವರ ಕಡೆ ತಿರುಗಿತ್ತು.

"ನನಗೇನೂ ಬೇಡಪ್ಪಾ, ಈಗ ತಾನೇ ತಿಂಡಿ ತಿಂದು ಬಂದೆ..."

ಎರಡು ಸೌಟು! ಒಂದು ಅವರ ಕೈಚೀಲಕ್ಕೆ, ಇನ್ನೊಂದು ಅವರು ಗಾಬರಿಯಲ್ಲಿ ತಿರುವಿ ಹಿಡಿದ ಕೊಡೆಯೊಳಕ್ಕೆ. "ತಿಂದು ಬಂದ್ರೇನು, ನಮ್ಮ ಮನೇಲಿ ತಿಂದಂಗಾಗುತ್ತಾ?" ಎಂದಿತು ಯಂತ್ರ.

"ತಾಂಡವಮೂರ್ತಿಯವರೇ, ನಿಮ್ಮ ಮೆಷೀನಿಗೆ ಮರ್ಯಾದೆ ಸ್ವಲ್ಪ ಜಾಸ್ತಿಯಾಯ್ತು!" ಎಂದರು ಟೀಚರ್, ಕೊಡೆಯನ್ನು ಬಾಗಿಲಾಚೆ ಕೊಡವುತ್ತಾ.

ಆಗ ನನಗೆ ಉಪಾಯ ಹೊಳೆಯಿತು. ಮಾತಾಡಿದರೆ ತಾನೇ ಬಡಿಸುವುದು? ನಾನು ಬಾಯಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸನ್ನೆ ಮಾಡಿದೆ. ಭಾವ, ಅಕ್ಕ, ಟೀಚರ್ ಮೂವರೂ ಬಾಯಿಗೆ ಬೀಗ ಹಾಕಿಕೊಂಡರು. ಮನೆ ನಿಶ್ಶಬ್ದವಾಯಿತು. ಯಂತ್ರದ ಮೈಕುಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿದವು. ತೋಳು ನಿಂತಿತು. ನಾವು ಉಸಿರು ಬಿಡುವುದರಲ್ಲಿದ್ದೆವು.

"ಅಯ್ಯಯ್ಯೋ! ಬೀಗರು ಮುನಿಸ್ಕೊಂಡಂಗಿದೆ!" ಎಂದು ಯಂತ್ರ ಗದ್ಗದಿತವಾಯಿತು. "ಏನು ತಪ್ಪಾಗಿದ್ರೂ ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೊಳ್ಳಿ!"

ಹೊಟ್ಟೆಗೆ ಹಾಕಿಕೊಳ್ಳಲು ಅದು ಕೊಟ್ಟಷ್ಟು ಪುಡಿಂಗು ಇಡೀ ಕಲ್ಯಾಣಮಂಟಪದ ಹೊಟ್ಟೆಗೂ ಹಿಡಿಸುತ್ತಿರಲಿಲ್ಲ. ಮುನಿಸಿಕೊಂಡ ಬೀಗರನ್ನು ಒಲಿಸುವ ಪಾಠವನ್ನು ಅದು ಬಲು ಶ್ರದ್ಧೆಯಿಂದ ಕಲಿತಿತ್ತು. ಸೌಟನ್ನು ಬದಿಗೆ ಸರಿಸಿ, ಹೊಟ್ಟೆಯ ಮುಚ್ಚಳವನ್ನೇ ತೆರೆಯಿತು. ಕಿತ್ತಳೆ ಬಣ್ಣದ ಪ್ರವಾಹ ನೆಲಕ್ಕೆ ಇಳಿಯಿತು. ಚಪ್ಪಲಿಗಳು ತೇಲಿದವು. ಗೊಂಬೆಗಳ ಕೆಳಗಿನ ಮೆಟ್ಟಿಲು ಮುಳುಗಿ, ಮರದ ರಾಜ ರಾಣಿಯರು ಮೊಣಕಾಲುದ್ದ ಪುಡಿಂಗಿನಲ್ಲಿ ಗಂಭೀರವಾಗಿ ನಿಂತರು. ಅಕ್ಕ ಸೋಫಾ ಏರಿದಳು. ಟೀಚರನ್ನು ನಾನು ಊಟದ ಮೇಜಿನ ಮೇಲೆ ಹತ್ತಿಸಿದೆ. ಭಾವ ಮಾತ್ರ ಪ್ಯಾಂಟು ಮಡಚಿಕೊಂಡು ಪ್ರವಾಹದ ನಡುವೆ ನಿಂತು, "ಹದ ಮಾತ್ರ ಕೆಟ್ಟಿಲ್ಲ, ನೋಡಿ!" ಎನ್ನುತ್ತಿದ್ದರು.

"ಹದಾನಾ?" ಅಕ್ಕನ ದನಿ ಒಡೆಯಿತು. "ನಾಳೆ ಅವ್ವನ್ನ ಆಸ್ಪತ್ರೆಗೆ ಸೇರಿಸ್ಬೇಕು ಕಣ್ರೀ! ಒಂದು ಚಮಚ ಒಳಗೆ ಹೋದ್ರೆ ಸಾಕಾಗಿತ್ತು ನಂಗೆ. ನೀವು ಮನೆ ತುಂಬಾ ಚೆಲ್ಲಿದ್ದೀರಿ, ಅವಳ ಬಾಯಿಗೆ ಒಂದು ಹನಿ ಹೋಗಿಲ್ಲ!"

ಭಾವನ ಮುಖ ಇಳಿದುಹೋಯಿತು. ಮೀಸೆ ಮಾತ್ರ ಸೆಟೆದೇ ಇತ್ತು. "ಅತ್ತೆ ತಿನ್ನಲಿ ಅಂತಾನೇ ಮಾಡಿದ್ದು ಮಂಗಳಾ" ಎಂದರು ಮೆಲ್ಲಗೆ. ಅಷ್ಟು ವರ್ಷಗಳಲ್ಲಿ ನನಗೆ ಅವರ ಮೇಲೆ ಕನಿಕರ ಹುಟ್ಟಿದ್ದು ಅದೇ ಮೊದಲು. ಸಿಟ್ಟು ಮಾಡಿಕೊಳ್ಳಲು ಹೋದರೆ ಕಣ್ಣೇ ತುಂಬಿಬಂತು.

ಅಷ್ಟರಲ್ಲಿ ಮಂಚದ ಕಡೆಯಿಂದ ಒಂದು ಸೀನು ಕೇಳಿಸಿತು.

ಸಾಮಾನ್ಯ ಸೀನಲ್ಲ, ಗೊಂಬೆಗಳು ಅಲುಗಾಡುವಂಥ ಸೀನು! ನಾವೆಲ್ಲರೂ ತಿರುಗಿದೆವು. ನಮ್ಮ ಗಲಾಟೆಯಲ್ಲಿ ಅವ್ವನ ಕಡೆ ಯಾರೂ ನೋಡಿರಲಿಲ್ಲ. ಅವಳು ಕಾಲೆರಡನ್ನೂ ಮೇಲಕ್ಕೆ ಎಳೆದುಕೊಂಡು, ತುಂಬಿ ತುಳುಕುವ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಣಗಿದ ಗಾಳಿಯಲ್ಲಿ ಶುಂಠಿ ಲವಂಗಗಳ ಘಾಟು ಕಣ್ಣು ಉರಿಯುವಷ್ಟು ದಟ್ಟವಾಗಿತ್ತು. ಅವ್ವ ಮತ್ತೆ ಸೀನಿದಳು. ಮೂರನೆಯ ಸಲವೂ ಸೀನಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಸುತ್ತ ಒಮ್ಮೆ ಮೂಸಿ ನೋಡಿದಳು. ಬೆರಳಿಗೆ ಮೆತ್ತಿಕೊಂಡಿದ್ದ ಪುಡಿಂಗನ್ನು ಒರೆಸಲು ಬೇರೇನೂ ಸಿಗದೆ ನಾಲಗೆಯಿಂದ ನೆಕ್ಕಿದಳು.

ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ನೆಕ್ಕಿದಳು.

"ಮಂಗಳಾ, ನಿನ್ನ ಗಂಡನಿಗೆ ಹೇಳು" ಎಂದಳು ಅವ್ವ. "ಜಾಯಿಕಾಯಿ ಜಾಸ್ತಿಯಾಗಿದೆ."

"ಏನಂದೆ ಅವ್ವ?" ಎಂದೆ ನಾನು.

"ಕಿವಿ ಕೇಳ್ಸಲ್ವಾ? ಜಾಯಿಕಾಯಿ ಜಾಸ್ತಿ, ಶುಂಠಿ ಕಡಿಮೆ. ಕುಂಬಳಕಾಯಿನ ಇನ್ನೊಂಚೂರು ಬಾಡಿಸ್ಬೇಕಿತ್ತು, ಹಸಿ ವಾಸನೆ ಹಂಗೇ ಇದೆ. ಒಂದು ಚಿಟಿಕೆ ಉಪ್ಪು ಹಾಕೋಕೆ ಏನು ರೋಗ?"

ನಮ್ಮ ಅವ್ವ ದೂರುತ್ತಿದ್ದಳು! ಜ್ವರ ಬಂದಾಗಿನಿಂದ ಅವಳು ಒಂದು ಅಡುಗೆಯಲ್ಲೂ ಕೊಂಕು ತೆಗೆದಿರಲಿಲ್ಲ, ನಮ್ಮಿಬ್ಬರ ಎದೆ ಒಡೆದಿದ್ದೂ ಅದಕ್ಕೇ. ಅಕ್ಕ ಸೋಫಾದಿಂದ ಹಾರಿ, ಪುಡಿಂಗಿನಲ್ಲಿ ಜಾರಿ, ಎದ್ದು, ಮಂಚದ ಪಕ್ಕ ಕುಸಿದು ಕೂತು ಅವ್ವನ ಮೊಣಕಾಲಿಗೆ ಹಣೆಯಿಟ್ಟು ಬಿಕ್ಕಿದಳು. ನಾನೂ ಅತ್ತುಬಿಟ್ಟೆ. ಮೇಜಿನ ಮೇಲಿದ್ದ ಟೀಚರ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಭಾವ, "ಜಾಯಿಕಾಯಿ ಜಾಸ್ತಿಯಂತೆ! ಕೇಳಿದ್ರಾ? ಜಾಸ್ತಿಯಂತೆ!" ಎಂದು ಚಿನ್ನದ ಪದಕ ಬಂದವರ ಹಾಗೆ ನಗುತ್ತಿದ್ದರು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಇಳಿದದ್ದನ್ನು ಯಂತ್ರ ಅಲ್ಲಲ್ಲೇ ಹೀರಿಕೊಳ್ಳುತ್ತಿತ್ತು.

"ಅಳೋದೇನಿದೆ ಇದರಲ್ಲಿ? ತಿನ್ನೋಕೆ ಬಿಡ್ರೇ" ಎಂದು ಅವ್ವ ಚಮಚ ಹಿಡಿದಳು. ಒಂದು ಚಮಚ ಹೋಯಿತು. ಎರಡು ಹೋಯಿತು. ಮೂರನೆಯದು ಹೋದಾಗ ನಾನು ಅಕ್ಕನ ಕೈ ಹಿಡಿದುಕೊಂಡೆ. ಅವ್ವ ಅವಸರವಿಲ್ಲದೆ, ಪ್ರತಿ ಚಮಚಕ್ಕೂ ಒಂದೊಂದು ತಪ್ಪು ಹುಡುಕುತ್ತಾ, ಬಟ್ಟಲನ್ನು ತಳ ಕಾಣುವವರೆಗೂ ತಿಂದಳು. ನಾಳೆ ಡಾಕ್ಟರ ತಕ್ಕಡಿ ಏನು ಬೇಕಾದರೂ ಹೇಳಲಿ, ನಮಗೆ ಬೇಕಾದ ಉತ್ತರ ಅವತ್ತೇ ಸಿಕ್ಕಿಹೋಗಿತ್ತು.

ಪುಡಿಂಗು ಮಾತ್ರ ಸೋಫಾದ ಅಂಚಿಗೆ ಬಂದಿತ್ತು. ಯಂತ್ರ ಇನ್ನೂ ಬೀಗರನ್ನು ಒಲಿಸುತ್ತಲೇ ಇತ್ತು. ಆಗ ಅವ್ವ ಖಾಲಿ ಬಟ್ಟಲನ್ನು ಅದರ ಕಡೆ ಚಾಚಿ, ಮೈಕಿಗೆ ನೇರವಾಗಿ ಹೇಳಿದಳು: "ಇನ್ನೊಂದು ಸೌಟು ಹಾಕಪ್ಪ. ಹಸಿವಾಗ್ತಿದೆ."

ಯಂತ್ರ ತಟಕ್ಕನೆ ನಿಂತಿತು.

ಪ್ರವಾಹ ನಿಂತಿತು. ಸುಂಯ್ ಸದ್ದು ನಿಂತಿತು. ಮೈಕುಗಳು ಅವ್ವನ ಕಡೆ ಬಾಗಿದವು. "ಸಂಕೋ..." ಎಂದು ಶುರುಮಾಡಿ ಅಲ್ಲಿಗೇ ತಡವರಿಸಿತು. ಅದರ ಮೈಮೇಲಿನ ಕೆಂಪು ದೀಪ ಹಸಿರಾಯಿತು, ಹಸಿರು ಕೆಂಪಾಯಿತು.

"ಇದಕ್ಕೆ ಗೊತ್ತಿಲ್ಲ!" ಎಂದು ಭಾವ ಪಿಸುಗುಟ್ಟಿದರು. "ಅಷ್ಟು ಮದುವೆಗಳಲ್ಲಿ ಯಾರೊಬ್ಬರೂ ಬಾಯಿಬಿಟ್ಟು ಇನ್ನೂ ಹಾಕಿ ಅಂದಿಲ್ಲ! ಬೇಡ ಅಂದ್ರೆ ಹಸಿವು ಅಂತ ಕಲಿತಿದೆ. ಹಾಗಾದ್ರೆ ಬೇಕು ಅಂದ್ರೆ..."

"ಬೇಕು ಅಂದ್ರೆ?" ಎಂದೆವು ಎಲ್ಲರೂ.

"ಹೊಟ್ಟೆ ತುಂಬಿದೆ ಅಂತ ಲೆಕ್ಕ!"

ಯಂತ್ರವೂ ಅದೇ ಲೆಕ್ಕಕ್ಕೆ ಬಂದಿತ್ತು. ಮುಚ್ಚಳ ಮುಚ್ಚಿಕೊಂಡಿತು. ತೋಳು ಸೌಟಿನ ಸಮೇತ ಮಡಚಿಕೊಂಡಿತು. ಒಳಗಿಂದ ತೃಪ್ತಿಯ ದನಿ ಬಂತು: "ಊಟ ಚೆನ್ನಾಗಿ ಆಯ್ತು ತಾನೇ? ಬಹಳ ಸಂತೋಷ! ಏಳಿ, ಕೈಗೆ ನೀರು ಹಾಕ್ತೀನಿ!"

"ಅಬ್ಬಾ, ಮುಗೀತು" ಎಂದು ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಕೈಗೆ ನೀರು! ಎಲ್ಲಿಯ ನೀರು? ಹಾಲಿನ ಗಾಳಿಯಿಂದ, ಸೀರೆಗಳಿಂದ, ದೋಸೆಹಿಟ್ಟಿನಿಂದ, ಮೇಲಿನ ತೊಟ್ಟಿಯಿಂದ, ಬಹುಶಃ ಬೀದಿಯ ಅರ್ಧ ಮನೆಗಳಿಂದ ಹೀರಿಕೊಂಡು ಬೀಜಕ್ಕೆ ಹಾಕಿ ಮುಗಿಯದೆ ಒಳಗೇ ಉಳಿದಿದ್ದ ನೀರು! ನೆತ್ತಿಯ ಕೊಳಗ ಗಡಗಡನೆ ನಡುಗಿ ಮೇಲಕ್ಕೆ ಹಾರಿತು. ಅದರ ಕೆಳಗಿಂದ ಚಿಮ್ಮಿದ ನೀರು ಸೂರಿಗೆ ಬಡಿದು, ಫ್ಯಾನಿನ ರೆಕ್ಕೆಗಳಿಂದ ಚೆದರಿ, ಚಕ್ಕೆ ಲವಂಗದ ಪರಿಮಳ ಹೊತ್ತು ಮನೆಯೊಳಗೆಲ್ಲಾ ಮಳೆಯಾಗಿ ಸುರಿಯಿತು! ಹೊರಗೆ ಚುರುಗುಡುವ ಬಿಸಿಲು, ಒಳಗೆ ಧಾರಾಕಾರ ಮಸಾಲೆ ಮಳೆ. ಪುಡಿಂಗು ಕರಗಿ ಬಾಗಿಲಿನಿಂದ ಬೀದಿಗೆ ಹರಿಯಿತು. ಟೀಚರ್ ಮೇಜಿನಿಂದಲೇ ಕೊಡೆ ಬಿಚ್ಚಿ ಅವ್ವನ ಕಡೆ ಎಸೆದರು. ಭಾವನ ಮೀಸೆ ಕೊನೆಗೂ ಕೆಳಗಿಳಿಯಿತು. ಅಕ್ಕ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗದಷ್ಟು ಒದ್ದೆಯಾಗಿದ್ದಳು. ನಾನಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅವ್ವ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟಲನ್ನು ಚಾಚಿಕೊಂಡೇ ಕೂತಿದ್ದಳು. ಮಳೆಯ ಸದ್ದು ಸ್ವಲ್ಪ ಇಳಿಯುವವರೆಗೆ ಕಾದಳು.

"ಮಂಗಳಾ, ನಿನ್ನ ಗಂಡನಿಗೆ ಹೇಳು" ಎಂದಳು. "ನಾನು ಕೇಳಿದ್ದು ಪಾಯಸ, ಸ್ನಾನ ಅಲ್ಲ."